ಉಚ್ಚಂಗಮ್ಮನ ಕರಿ ಎಳ್ಳು

ಉಚ್ಚಂಗಮ್ಮನ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲು ನನ್ನ ಬಗ್ಗೆಯೇ ನಾಲ್ಕು ಮಾತು ಬಂದುಬಿಡುತ್ತದೆ. ಹಳೇ ಚಾಳಿ. ಆಕೆ ಮಾಡಿದ ಕೆಲಸದ ಕೆಳಗೆ ಹನ್ನೊಂದು ವರ್ಷ ನನ್ನ ಸಹಿ ಹಾಕಿಕೊಂಡು ಬಂದವನು ನಾನು.

ಶಿವಮೊಗ್ಗದ ಒಂದು ಬೆಳೆರೋಗ ಸಂಶೋಧನಾ ಘಟಕದಲ್ಲಿ ನಾನು ತಾಂತ್ರಿಕ ಸಹಾಯಕ. ಹೆಸರು ಮಧುಸೂದನ, ಮನೆ ಆಲ್ಕೊಳದಲ್ಲಿ. ನೆಂಟರು ಮದುವೆಮನೆಗಳಲ್ಲಿ "ನಮ್ಮ ಸೈಂಟಿಸ್ಟು" ಅಂತ ಪರಿಚಯ ಮಾಡಿಕೊಡುತ್ತಾರೆ. ನಾನು ತಿದ್ದುವುದಿಲ್ಲ, ನಗುತ್ತೇನೆ. ಆ ನಗು ವಿನಯದ್ದು ಅಂತ ಅವರು ತಿಳಿದುಕೊಂಡಿದ್ದಾರೆ.

ನಮ್ಮ ಪ್ರಯೋಗದ ಗದ್ದೆ ಇರುವುದು ಭದ್ರಾವತಿ ದಾಟಿದ ಮೇಲೆ, ಕಾಲುವೆ ಪಕ್ಕ. ಅಲ್ಲಿ ನಾವು ಭತ್ತ ಬೆಳೆಯುವುದಿಲ್ಲ, ಭತ್ತದ ರೋಗ ಬೆಳೆಯುತ್ತೇವೆ. ಬೆಂಕಿ ರೋಗ ಅಂತ ರೈತರು ಕರೆಯುತ್ತಾರಲ್ಲ, ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ ಬಿದ್ದು, ಚುಕ್ಕೆಗೆ ಚುಕ್ಕೆ ಕೂಡಿ, ಇಡೀ ಗದ್ದೆ ಬೆಂಕಿ ತಗುಲಿದ ಹಾಗೆ ಒಣಗುವುದು, ಅದು. ಯಾವ ತಳಿ ಅದನ್ನು ತಡೆದುಕೊಳ್ಳುತ್ತದೆ ಅಂತ ಗೊತ್ತಾಗಬೇಕಾದರೆ ರೋಗವನ್ನು ಬೇಕೆಂದೇ ಬರಿಸಬೇಕು. ಅದಕ್ಕೆ ನೂರಾರು ತಳಿಗಳನ್ನು ಒಂದೊಂದು ಸಾಲು ಬಿತ್ತುತ್ತೇವೆ. ಸುತ್ತಲೂ ರೋಗ ಬೇಗ ಹಿಡಿಯುವ ಒಂದು ಬಡಪಾಯಿ ತಳಿ ಹಾಕುತ್ತೇವೆ. ಯೂರಿಯಾ ಧಾರಾಳವಾಗಿ ಕೊಟ್ಟು, ಸಂಜೆ ಹೊತ್ತು ನೀರು ಚಿಮುಕಿಸಿ ಕಾಯುತ್ತೇವೆ.

ಉಚ್ಚಂಗಮ್ಮ ಮೊದಲ ದಿನ ಕೂಲಿಗೆ ಬಂದಾಗ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಏನ್ ಸಾರ್, ನೆಂಟರನ್ನ ಕರೆದ ಹಂಗೆ ರೋಗ ಕರೀತಿದ್ದೀರಲ್ಲ! ಊರೋರು ನೋಡಿದ್ರೆ ಹೊಡೀತಾರೆ."

"ಇದು ಸಂಶೋಧನೆ, ಉಚ್ಚಂಗಮ್ಮ. ನಿನಗೆ ಗೊತ್ತಾಗಲ್ಲ."

ಆಕೆ ನನಗಿಂತ ಆರು ವರ್ಷ ದೊಡ್ಡವಳು. ನಾನು ಅವತ್ತಿನಿಂದ ಇವತ್ತಿನವರೆಗೂ "ನೀನು" ಅಂತಲೇ ಕರೆದದ್ದು. ಇದನ್ನು ಬರೆಯುವ ಹೊತ್ತಿಗೆ ಗಮನಕ್ಕೆ ಬಂತು.

ಆಕೆ ಹೊಳೆಹೊನ್ನೂರು ಕಡೆಯವಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು, ಹನ್ನೆರಡನೇ ವಯಸ್ಸಿಗೆ ನಾಟಿಗೆ ಇಳಿದವಳು. ಗಂಡ ಭೂತಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಸೇರಿದ ಅಂತ ಈ ಕಡೆ ಬಂದಳು. ನಾಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತಾ ಸಸಿ ಊರುತ್ತಾರೆ. "ಅರ್ಧ ಆಯಸ್ಸು ಹಿಂದಕ್ಕೆ ನಡೆದೇ ಕಳೆದೆ ಸಾರ್, ಅದಕ್ಕೇ ಎಲ್ಲೂ ಮುಟ್ಟಲಿಲ್ಲ" ಅಂತ ಆಕೆಯೇ ನಗುತ್ತಿದ್ದಳು. ಹಾಗೆ ಬಗ್ಗಿ ಬಗ್ಗಿ ನಲವತ್ತು ವರ್ಷ ಭತ್ತದ ಎಲೆಯನ್ನು ಗೇಣುದ್ದದಿಂದ ನೋಡಿದ ಕಣ್ಣು ಆಕೆಯದು. ನಾನು ಅದೇ ಎಲೆಯನ್ನು ಪಠ್ಯಪುಸ್ತಕದಲ್ಲಿ ನೋಡಿ ಪಾಸಾಗಿದ್ದೆ.

ನನ್ನ ಮುಖ್ಯ ಕೆಲಸ ರೋಗಕ್ಕೆ ಅಂಕ ಕೊಡುವುದು. ಒಂದೊಂದು ಸಾಲಿಗೂ ಬಗ್ಗಿ, ಎಲೆ ತಿರುಗಿಸಿ, ಸೊನ್ನೆಯಿಂದ ಒಂಬತ್ತರವರೆಗೆ ಬರೆಯಬೇಕು. ಸೊನ್ನೆ ಅಂದರೆ ರೋಗವೇ ಇಲ್ಲ, ಒಂಬತ್ತು ಅಂದರೆ ಎಲೆಯೇ ಇಲ್ಲ. ಮೊದಲ ವರ್ಷವೇ ನನ್ನ ಸೊಂಟ ಮುಷ್ಕರ ಹೂಡಿತು. ಆಗ ಒಂದು ಉಪಾಯ ಹೊಳೆಯಿತು. ಉಚ್ಚಂಗಮ್ಮ ಸಾಲಿನಲ್ಲಿ ಬಗ್ಗಿ ನೋಡಿ ಕೂಗುವುದು, ನಾನು ಬದುವಿನ ಮೇಲೆ ಕೊಡೆ ಹಿಡಿದು ಕೂತು ಬರೆದುಕೊಳ್ಳುವುದು.

"ಒಂಬತ್ತು ಬಂದ್ರೆ ಒಳ್ಳೇದಾ, ಕೆಟ್ಟದ್ದಾ ಸಾರ್?"

"ಕೆಟ್ಟದ್ದು."

"ನಿಮ್ ಇಸ್ಕೂಲೇ ಉಲ್ಟಾ ಬಿಡಿ. ನಂಬರ್ರು ನನಗೆ ಬೇಡ. ನಾನು ಕಂಡಿದ್ದು ಹೇಳ್ತೀನಿ, ನೀವು ನಂಬರ್ ಹಾಕ್ಕೊಳ್ಳಿ."

ಆಕೆಯ ಲೆಕ್ಕ ಅಡುಗೆಮನೆಯದು. ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ "ಸಾಸಿವೆ." ನಾನು ಒಂದು ಬರೆಯುತ್ತಿದ್ದೆ. ಸ್ವಲ್ಪ ದೊಡ್ಡದಾದರೆ "ಎಳ್ಳು," ಅಂದರೆ ಎರಡು. "ಕಣ್ಣು ಬಿಟ್ಟಿದೆ" ಅಂದರೆ ನಾಲ್ಕು. "ಸುಟ್ಟ ರೊಟ್ಟಿ" ಅಂದರೆ ಒಂಬತ್ತು. ಒಂದು ಗಂಟೆಗೆ ನೂರು ಸಾಲು ಮುಗಿಯುತ್ತಿತ್ತು. ಹೊರಗಿನ ಕೇಂದ್ರದವರು ಬಂದಾಗ ಇಷ್ಟು ಚುರುಕಾಗಿ, ಇಷ್ಟು ಕರಾರುವಾಕ್ಕಾಗಿ ಯಾರು ಅಂಕ ಕೊಡುವುದು ಅಂತ ವಿಚಾರಿಸಿದರು. ನಾನು ಕನ್ನಡಕ ಒರೆಸಿಕೊಂಡೆ. ಒಂದು ಸಲ ಶಾಲು ಕೂಡ ಹೊದಿಸಿದರು. ಆ ಶಾಲು ಹೊದ್ದು ತೆಗೆಸಿದ ಫೋಟೊದಲ್ಲಿ ಹಿಂದೆ, ದೂರದಲ್ಲಿ, ಬಗ್ಗಿರುವ ಒಂದು ಬೆನ್ನು ಕಾಣುತ್ತದೆ.

ಎರಡು ಮಳೆಗಾಲದ ಹಿಂದಿನ ಮಾತು. ನೂರ ಹನ್ನೆರಡನೇ ಸಾಲಿಗೆ ಬಂದಾಗ ಉಚ್ಚಂಗಮ್ಮ ಕೂಗಿದಳು. "ಕರಿ ಎಳ್ಳು ಸಾರ್! ಎಲೆ ತುಂಬ!"

ನಾನು ಮಂಡಕ್ಕಿ ತಿನ್ನುತ್ತಿದ್ದೆ. ಕರಿ ಎಳ್ಳು ಅಂತ ಆಕೆ ಮೊದಲೂ ಆಗೀಗ ಹೇಳುತ್ತಿದ್ದಳು, ಅದು ಏನು ಅಂತ ನಾನು ಎದ್ದು ಹೋಗಿ ನೋಡಿದವನಲ್ಲ. ಎಳ್ಳಿಗೇ ಎರಡು, ಎಳ್ಳು ಕಪ್ಪಾಗಿದೆ ಅಂದರೆ ರೋಗ ಮುಂದುವರಿದಿದೆ ಅಂತ ಅರ್ಥ, ಐದು ಹಾಕೋಣ. ಹಾಕಿದೆ. ಆಕೆ "ಈ ಮೂಲೇಲಿ ನೆಲಕ್ಕೆ ಬಲ ಇಲ್ಲ ಸಾರ್" ಅಂತಲೂ ಏನೋ ಹೇಳಿದಳು. ಗೊಬ್ಬರ ಹೊರುವ ಕೂಲಿ ಕೇಳುತ್ತಿದ್ದಾಳೆ ಅಂದುಕೊಂಡು ಕೇಳಿಸದವನ ಹಾಗೆ ಕೂತೆ. ಆ ಐದರಿಂದಾಗಿ ನೂರ ಹನ್ನೆರಡು ತಿರಸ್ಕೃತ ತಳಿಗಳ ಪಟ್ಟಿಗೆ ಹೋಯಿತು.

ಈ ವರ್ಷ ಜೂನ್‌ನಲ್ಲಿ ಡಾಕ್ಟರ್ ಶ್ರೀಗೌರಿ ನನ್ನನ್ನು ಕರೆದರು. ನಮ್ಮ ಘಟಕಕ್ಕೆ ಹೋದ ವರ್ಷ ಬಂದ ವಿಜ್ಞಾನಿ, ವಯಸ್ಸು ಮೂವತ್ತನಾಲ್ಕು. ನನ್ನನ್ನು "ಸರ್" ಅಂತ ಕರೆಯುವ ಏಕೈಕ ಮೇಲಧಿಕಾರಿ.

"ಮಧುಸೂದನ್ ಸರ್, ನೂರ ಹನ್ನೆರಡು ನಮ್ಮಲ್ಲಿ ಐದು ಇದೆ. ಬೇರೆ ಮೂರು ಕೇಂದ್ರದಲ್ಲಿ ಸೊನ್ನೆ, ಸೊನ್ನೆ, ಒಂದು. ಅಷ್ಟು ಒಳ್ಳೇ ತಳೀನ ನಾವು ಕೈಬಿಟ್ಟಿದ್ದೀವಿ. ನೀವೇ ನೋಡಿದ್ದಾ?"

"ಇಲ್ಲ" ಅನ್ನುವ ಒಂದೇ ಒಂದು ಮಾತು ಸಾಕಿತ್ತು. ನಾನು ಬೇರೆಯದನ್ನು ಆರಿಸಿಕೊಂಡೆ.

"ಅದೂ ಮೇಡಂ, ಆಗ ನನಗೆ ಸೊಂಟ ನೋವು. ಕೆಲವು ಸಾಲು ಆ ಕೂಲಿ ಹೆಂಗಸು ನೋಡಿ ಹೇಳಿದ್ಲು. ವಯಸ್ಸಾಯ್ತು ಆಕೆಗೆ. ಕಣ್ಣು ಮಂಜಾಗಿರಬಹುದು."

ಕೆಲವು ಸಾಲು! ಆ ಕೂಲಿ ಹೆಂಗಸು! ದಿನಕ್ಕೆ ಇಪ್ಪತ್ತು ಸಲ ಕೂಗುವ ಹೆಸರು ಆ ಹೊತ್ತಿಗೆ ನಾಲಿಗೆಗೆ ಸಿಗಲಿಲ್ಲ. ಶ್ರೀಗೌರಿ ಇನ್ನು ಮೇಲೆ ಅಂಕ ಕೊಡುವಾಗ ಕೂಲಿಯವರು ಸಾಲಿಗೆ ಇಳಿಯಬಾರದು ಅಂತ ಒಂದು ಚೀಟಿ ಬರೆದು ಕೊಟ್ಟರು.

ಅದನ್ನು ಉಚ್ಚಂಗಮ್ಮನಿಗೆ ಮುಟ್ಟಿಸಬೇಕಾದವನೂ ನಾನೇ.

"ನಿನ್ನ ಕಣ್ಣು ಯಾಕೋ ಸ್ವಲ್ಪ... ಮೇಡಂ ಹೇಳಿದ್ರು. ಇನ್ನು ಬದುವಿನ ಕಳೆ ಕಿತ್ಕೊಂಡಿರು, ಟ್ರೇ ತೊಳಿ. ಅದೇ ಕೂಲಿ."

"ತಪ್ಪು ಹೇಳಿದ್ನಾ ಸಾರ್?"

"ಒಂದು ಸಾಲಂತೆ."

"ಯಾವ ಸಾಲು?"

"ಯಾವುದೋ ಒಂದು. ಬಿಡು ಈಗ."

ಸಾಲಿನ ನಂಬರ್ ನಾನು ಹೇಳಲಿಲ್ಲ. ಹೇಳಿದರೆ ಆಕೆಗೆ ನೆನಪಾಗುತ್ತಿತ್ತು. ಗದ್ದೆಯ ಒಂದೊಂದು ಸಾಲೂ ಆಕೆಗೆ ನೆರೆಮನೆಯವರ ಹಾಗೆ ನೆನಪಿರುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆಗಸ್ಟಿನಲ್ಲಿ ನಾನೇ ಸಾಲಿಗಿಳಿದು ಅಂಕ ಕೊಟ್ಟೆ. ಮೂರು ದಿನ ಹಿಡಿಯಿತು. ಎಲ್ಲ ಚುಕ್ಕೆಗಳೂ ನನ್ನನ್ನು ಒಂದೇ ಥರ ನೋಡಿದವು. ಉಚ್ಚಂಗಮ್ಮ ಬದುವಿನ ಮೇಲೆ ಕಳೆ ಕೀಳುತ್ತಿದ್ದವಳು ಒಮ್ಮೆಯೂ ತಲೆಯೆತ್ತಲಿಲ್ಲ. ತಮಾಷೆ ಮಾಡುವುದನ್ನೂ ಬಿಟ್ಟಿದ್ದಳು.

ಸೆಪ್ಟೆಂಬರ್‌ನ ಒಂದು ಭಾನುವಾರ ನಮ್ಮ ಆಲ್ಕೊಳದ ಕಡೆ ಒಂದು ಸಭಾಭವನದಲ್ಲಿ ಉಚಿತ ಕಣ್ಣಿನ ತಪಾಸಣೆ ಇತ್ತು. "ಸಂಬಳ ಬರೋರು ಅಲ್ಲಿಗೆ ಹೋಗ್ತಾರೇನ್ರಿ?" ಅಂತ ನನ್ನ ಹೆಂಡತಿ ವೇದಾವತಿ ಕೇಳಿದಳು. ಉಚಿತ ಅನ್ನುವ ಪದಕ್ಕೆ ನಾನು ಮೊದಲಿಂದಲೂ ಸೋಲುವವನು. ಹೋಗಿ ಸಾಲಿನಲ್ಲಿ ನಿಂತೆ. ಮುಂದೆ ಮೂರನೆಯವಳಾಗಿ ಉಚ್ಚಂಗಮ್ಮ ಕೂತಿದ್ದಳು, ಇಸ್ತ್ರಿ ಮಾಡಿದ ಸೀರೆಯಲ್ಲಿ. ಭದ್ರಾವತಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳಂತೆ.

ನಾನು ತಲೆ ಮರೆಸಿಕೊಳ್ಳಲು ಕಂಬ ಹುಡುಕುತ್ತಿದ್ದಾಗಲೇ ಆಕೆ ಒಳಗೆ ಹೋಗಿ, ಹತ್ತು ನಿಮಿಷದಲ್ಲಿ ಹೊರಬಂದು, ನೇರ ನನ್ನ ಮುಂದೆ ನಿಂತಳು.

"ಡಾಕ್ಟ್ರು ಪೊರೆ ಇಲ್ಲ ಅಂದ್ರು ಸಾರ್. ಈ ವಯಸ್ಸಿಗೆ ಇಂಥ ಕಣ್ಣು ಇರೋದು ಅಪರೂಪ ಅಂದ್ರು. ಹಂಗಾದ್ರೆ ನಾನು ತಪ್ಪಿದ್ದೆಲ್ಲಿ? ಮೂರು ತಿಂಗಳಿಂದ ಅದೇ ಯೋಚನೆ ನನಗೆ. ಯಾವ ಸಾಲು ಅಂತ ಹೇಳಿ, ನಿಮ್ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳುವ ಮಾತು ಬಂದಾಗ ನನ್ನ ಬಾಯಿಂದ ನಂಬರ್ ಉದುರಿತು.

"ನೂರ ಹನ್ನೆರಡಾ? ಕಾಲುವೆ ಮೂಲೇದು. ಅದಕ್ಕೆ ಬೆಂಕಿ ರೋಗ ಒಂದ್ ಚೂರೂ ಇರ್ಲಿಲ್ಲ. ಕರಿ ಎಳ್ಳು ಅಂದಿದ್ನಲ್ಲ."

"ಅದೇ. ಕರಿ ಎಳ್ಳು ಅಂದ್ರೆ... ಜಾಸ್ತಿ ಅಲ್ವಾ?"

ಆಕೆ ನನ್ನ ಮುಖವನ್ನು ಎಲೆ ತಿರುಗಿಸಿ ನೋಡುವ ಹಾಗೆ ನೋಡಿದಳು.

"ಅಯ್ಯೋ ಮಾರಾಯ್ರೇ! ಬೆಂಕಿ ರೋಗದ ಎಳ್ಳಿಗೆ ನಡುವೆ ಬೂದಿ ಇರುತ್ತೆ. ಕರಿ ಎಳ್ಳಿಗೆ ಬೂದಿ ಇರಲ್ಲ, ಪೂರ್ತಿ ಕಂದು. ಅದು ಬೇರೇನೇ ಕಾಯಿಲೆ. ನೆಲಕ್ಕೆ ಬಲ ಇಲ್ಲದಾಗ ಬರೋದು. ಅವತ್ತೇ ಹೇಳಿದ್ನಲ್ಲ ನಿಮಗೆ!"

ಕಂದು ಚುಕ್ಕೆ ರೋಗ. ಯೂರಿಯಾ ಎಷ್ಟು ಸುರಿದರೂ, ನೆಲದಲ್ಲಿ ಪೊಟ್ಯಾಷಿನಂಥ ಬೇರೆ ಪೋಷಕಾಂಶ ಕಡಿಮೆಯಾದಾಗ ಹೆಚ್ಚುತ್ತದೆ, ಚುಕ್ಕೆಗಳು ಎಳ್ಳಿನಾಕಾರ. ಈ ಪ್ರಶ್ನೆಗೆ ಉತ್ತರ ಬರೆದು ನಾನು ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ತಗೊಂಡಿದ್ದೆ.

"ಹಂಗಾದ್ರೆ ತಪ್ಪು ನಂದಲ್ಲ?"

"ಅಲ್ಲ."

"ಮತ್ತೆ ಯಾರ್ದು ಸಾರ್?"

ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು. "ನೋಡೋಣ, ಆಫೀಸಲ್ಲಿ ಮಾತಾಡ್ತೀನಿ" ಅಂದೆ. ಕಣ್ಣು ತೋರಿಸದೆಯೇ ಮನೆಗೆ ಬಂದೆ.

ಸೋಮವಾರ ಶ್ರೀಗೌರಿಯವರ ಮುಂದೆ ಎಲ್ಲ ಹೇಳಿದೆ. ಸೊಂಟ, ಕೊಡೆ, ಮಂಡಕ್ಕಿ, ಹನ್ನೊಂದು ವರ್ಷ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹಳೇ ಅಂಕಗಳ ಪುಸ್ತಕಗಳನ್ನು ತರಿಸಿದರು.

"ಕರಿ ಎಳ್ಳು ಅಂದಿದ್ದಕ್ಕೆ ಎಲ್ಲೆಲ್ಲಿ ಐದು ಹಾಕಿದ್ದೀರಿ ಸರ್?"

"ಗೊತ್ತಿಲ್ಲ ಮೇಡಂ. ಆಕೆ ಹೇಳಿದ್ದನ್ನ ನಾನು ಬರೀತಿರ್ಲಿಲ್ಲ. ನಂಬರ್ ಮಾತ್ರ."

ಅವರು ಪುಟ ತಿರುಗಿಸುವುದನ್ನು ನಿಲ್ಲಿಸಿದರು. "ಹಾಗಾದ್ರೆ ಇದನ್ನ ಸರಿ ಮಾಡೋಕೆ ಇರೋ ದಾಖಲೆ ಆ ಅಮ್ಮನ ನೆನಪು ಒಂದೇ. ಐದು ಹಾಕಿದ ತಳಿಗಳನ್ನೆಲ್ಲ ಮತ್ತೆ ಬಿತ್ತಬೇಕು. ಅವರನ್ನ ಕರೀರಿ." ಆಮೇಲೆ ಎಲ್ಲ ಕೇಂದ್ರಗಳಿಗೂ ಹೋಗಬೇಕಾದ ತಿದ್ದುಪಡಿ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು. ಚುಕ್ಕೆಗಳನ್ನು ಸರಿಯಾಗಿ ಗುರುತಿಸಿದವರು "ಕೂಲಿ ಕಾರ್ಮಿಕರು" ಅಂತ ಬರೆದಿದ್ದೆ. ಅದನ್ನು ಹೊಡೆದು ಹಾಕಿ, "ಹೆಸರು ಇಲ್ವಾ ಸರ್?" ಅಂದರು. ಬರೆದೆ.

ಆದರೆ ಫೋನ್ ಮಾಡಿದರೆ ಉಚ್ಚಂಗಮ್ಮ ಬರುವುದಿಲ್ಲ ಅಂದಳು.

"ನನಗೇನೋ ಬರ್ಬೇಕು ಅಂತಿದೆ ಸಾರ್. ಈ ತಿಂಗಳಿಂದ ಮನೇಲಿ ಗದ್ದೆಗೇ ಬಿಡ್ತಿಲ್ಲ. ಕಣ್ಣು ಹೋಗಿದೆ ಅಂತ ನೀವು ಹೇಳಿದ್ದನ್ನ ನಾನೇ ಎಲ್ಲರಿಗೂ ಹೇಳ್ಕೊಂಡು ಅತ್ತಿದ್ದೆ. ಈಗ ಸೊಸೆ ಅಕ್ಕಿ ಆರಿಸೋಕೂ ಬಿಡಲ್ಲ, ಒಲೆ ಹತ್ರ ಬಿಡಲ್ಲ. ಡಾಕ್ಟ್ರು ಸರಿ ಇದೆ ಅಂದ್ರು ಅಂದ್ರೆ, ಪುಕ್ಸಟ್ಟೆ ಡಾಕ್ಟ್ರು ಏನ್ ನೋಡ್ತಾನೆ ಅಂತಾಳೆ. ನಿಮ್ಮಿಂದ ಹೋದ ಕಣ್ಣು ಸಾರ್, ನೀವೇ ಬಂದು ಕೊಡಿ."

ಹೋದೆ. ಭದ್ರಾವತಿಯ ಹಳೇ ವಠಾರದ ಮನೆ. ಭೂತಪ್ಪ ಗೋಡೆಗೆ ಒರಗಿ ಕೂತಿದ್ದ. ಸೊಸೆ ಇಂಪನಾ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದಳು. ಬರುವಾಗ ಬಸ್ಸಿನಲ್ಲಿ ಒಂದು ಚಂದದ ಭಾಷಣ ಜೋಡಿಸಿಕೊಂಡಿದ್ದೆ. ವೈಜ್ಞಾನಿಕ ಪರಿಭಾಷೆ, ಸಂವಹನದ ಕೊರತೆ, ಹೀಗೆ. ಆ ಕುರ್ಚಿಯಲ್ಲಿ ಕೂತ ಮೇಲೆ ಅದರ ಒಂದು ಪದವೂ ಬರಲಿಲ್ಲ.

"ಇವರ ಕಣ್ಣಿಗೆ ಏನೂ ಆಗಿಲ್ಲಮ್ಮ" ಅಂದೆ. "ಇವರು ಸರಿಯಾಗೇ ಹೇಳಿದ್ರು. ನಾನು ತಪ್ಪು ಬರ್ಕೊಂಡೆ. ಸಿಕ್ಕಿಬಿದ್ದಾಗ ಇವರ ಕಣ್ಣಿನ ಮೇಲೆ ಹಾಕ್ದೆ."

ಇಂಪನಾ ಲೋಟದಲ್ಲಿ ಕಾಫಿ ಹಿಡಿದುಕೊಂಡು ಅಲ್ಲೇ ನಿಂತಳು. ಕೊಡಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಾಳೆ ಅನ್ನಿಸಿತು.

"ಅತ್ತೆ ಗದ್ದೆಯಲ್ಲಿ ನೋಡ್ತಿದ್ರು. ನೀವೇನು ನೋಡ್ತಿದ್ರಿ ಸಾರ್ ಅಲ್ಲಿ?"

ಭೂತಪ್ಪ ಕೆಮ್ಮಿದ. "ಕೊಡಮ್ಮ ಕಾಫಿ, ಆರುತ್ತೆ" ಅಂದ. ಆ ಮನೆಯಲ್ಲಿ ನನ್ನ ಪರವಾಗಿ ಬಂದ ಒಂದೇ ಮಾತು ಅದು. ಕಾಫಿ ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಹೊರಡೋಣ ಅಂತ ಎದ್ದಾಗ ಉಚ್ಚಂಗಮ್ಮ ಬಾಗಿಲಿಗೆ ಅಡ್ಡ ಬಂದಳು. ಮೂರು ತಿಂಗಳಲ್ಲಿ ಮೊದಲ ಸಲ ಆಕೆಯ ಮುಖದಲ್ಲಿ ತುಂಟತನ ಕಂಡಿತು.

"ಒಂದ್ ನಿಮಿಷ ಸಾರ್. ಪಕ್ಕದ್ಮನೆ ಬಂಗಾರಮ್ಮ ನೀರಿಗೆ ಹೋಗಿದ್ಲು, ಈಗ ಬಂದ್ಲು. ಇಡೀ ವಠಾರಕ್ಕೆ ನಾನು ಕುರುಡಿ ಅಂತ ಸಾರಿದ್ದು ಅವಳೇ. ಬಂಗಾರೀ, ಬಾರೇ ಇಲ್ಲಿ! ಸಾರ್ ಶಿವಮೊಗ್ಗದಿಂದ ಬಂದವ್ರೆ, ಏನೋ ಹೇಳ್ಬೇಕಂತೆ!"

ಬಂಗಾರಮ್ಮ ಕೊಡ ಸೊಂಟದಲ್ಲಿಟ್ಟುಕೊಂಡೇ ಬಂದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು. ನಾನು ಮತ್ತೆ ಶುರು ಮಾಡಿದೆ.

"ಜೋರಾಗಿ ಹೇಳಿ ಸಾರ್" ಅಂದಳು ಉಚ್ಚಂಗಮ್ಮ. "ಅವಳಿಗೆ ಕಿವಿ ಮಂದ."

ಜೋರಾಗಿ ಹೇಳಿದೆ.