ಸೈಲೆನ್ಸರ್ ತಗಡಿನ ಬಣ್ಣ

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತ ಬಂದೆ. ಮೈಲೂರಿನಲ್ಲಿ ಒಬ್ಬ, ಬೈಕಿನ ಸೈಲೆನ್ಸರ್ ಮೇಲೆ ಕಾಲು ಸುಡದಂತೆ ಹಾಕುವ ತಗಡಿನ ಗೀರು ತಿಕ್ಕಿ ಹೊಸ ಬಣ್ಣ ಹಚ್ಚುತ್ತಿದ್ದ. ಗೀರುಗಳನ್ನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಹುಡುಕುತ್ತಿದ್ದ. ಎಲ್ಲರಿಗೂ ಒಂದೇ ಮಾತು: “ಇಂಜಿನ್ ಬಿಸಿಗಿ ಬಣ್ಣ ಗಟ್ಟಿ ಆಗಬೇಕ್ರಿ ಕಾಕಾ, ಅಲ್ಲೀತನಕ ನೀರು ಹಾಕಬ್ಯಾಡ್ರಿ.”

ಮಗಳ ನಿಶ್ಚಿತಾರ್ಥಕ್ಕೆ ಭಾಲ್ಕಿಗೆ ಹೋಗುವ ಆತುರದಲ್ಲಿ ನಾನು ಅವನಿಂದ ಬಣ್ಣ ಹಚ್ಚಿಸಿಕೊಂಡು ಮನೆಗೆ ಬಂದವನೇ ಸಾಬೂನು ಹಚ್ಚಿ ಬೈಕು ತೊಳೆದೆ. ಬೀಗರ ಬಾಗಿಲು ಮುಟ್ಟುವಷ್ಟರಲ್ಲಿ ಬಣ್ಣ ಸಿಪ್ಪೆ ಎದ್ದಿತ್ತು. ಮರಳಿ ಬಂದು ಅವನ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಕೂಗಾಡಿದೆ.

“ಖೋಟಾ ಬಣ್ಣ ಹಚ್ಚತೀ ಏನಲೇ?”

“ನೀರು ಹಾಕೀರೇನ್ರಿ ಕಾಕಾ?”

“ಹನಿ ಸುದ್ದಾ ಹಾಕಿಲ್ಲ!”

ಅವನು ತಗಡಿನ ಸಂದಿಯಲ್ಲಿ ಒಣಗಿದ್ದ ಸಾಬೂನನ್ನು ಯಾರಿಗೂ ಕಾಣದಂತೆ ಒರೆಸಿ, “ನಂದೇ ತಪ್ಪದ ಬಿಡ್ರಿ” ಎಂದ. ಕಾದಿದ್ದವರು ಒಬ್ಬೊಬ್ಬರಾಗಿ ಎದ್ದುಹೋದರು. ಕೆಲವು ತಿಂಗಳ ಮೇಲೆ ಮತ್ತೆ ಹೋದಾಗ ಅಂಗಡಿ ಶಾಶ್ವತವಾಗಿ ಮುಚ್ಚಿತ್ತು. ನಾನು ಈವರೆಗೂ ಕ್ಷಮೆ ಕೇಳದೆ ಉಳಿದಿರುವುದು ಮೈಲೂರಿನ ಆ ಬಣ್ಣದವನನ್ನು.