ಕಠ್ಮಂಡುವಿನಲ್ಲಿ ಅತ್ತೆಗೆ ಕುಡಿಸಿದ ನೀರು

ಕುಷ್ಟಗಿ ಕಡೆಯ ನಾವು ನೀರನ್ನು ನಾಲಿಗೆಯಿಂದಲೇ ಪರೀಕ್ಷಿಸುವ ಜನ. ಸವುಳಾದರೆ ಕೆಟ್ಟದ್ದು, ಸಿಹಿಯಾದರೆ ಅಮೃತ. ಬೋರಿನ ನೀರು ಕುಡಿದು ಹಲ್ಲು ಹಳದಿಯಾದವರು ಇನ್ನೇನು ನೋಡುತ್ತಾರೆ? ಹಾಗಾಗಿ ಕಠ್ಮಂಡುವಿನ ಲಾಡ್ಜಿನಲ್ಲಿ ಇಳಿದ ಕೂಡಲೇ ನಮ್ಮ ಯಾತ್ರೆಯ ಗುಂಪು ನಲ್ಲಿಗೆ ಮುಗಿಬಿತ್ತು. ನಲ್ಲಿ ನೀರು ಕುಡಿಯಬೇಡಿ ಎಂದು ಗೈಡ್ ಬಸ್ಸಿನಲ್ಲೇ ಹೇಳಿದ್ದು ನನ್ನ ಹೊರತು ಯಾರಿಗೂ ನೆನಪಿರಲಿಲ್ಲ.

ನಾನು ಅತ್ತೆಯ ಕೈಯಿಂದ ಲೋಟ ಕಸಿದುಕೊಂಡೆ.

"ಏ ಹುಡುಗಿ, ಸೀ ಐತಿ ನೀರು!"

"ಸೀ ಇದ್ದದ್ದೆಲ್ಲಾ ಸ್ವಚ್ಛ ಇರಂಗಿಲ್ರಿ ಅತ್ತಿ."

ಪಶುಪತಿನಾಥನ ದರ್ಶನ ಕೊನೆಯ ದಿನ ಬೆಳಿಗ್ಗೆ, ಅದೂ ಒಂದೇ ಹೊತ್ತು. ಅತ್ತೆ ಮನೆ ಬಿಟ್ಟು ಹೊರಟಿದ್ದೇ ಅದಕ್ಕೆ. ಹೊಟ್ಟೆ ಕೆಟ್ಟು ಅವರು ಹಾಸಿಗೆ ಹಿಡಿದರೆ ಎಂಬ ಹೆದರಿಕೆ ನನಗೆ. ಮನೆಯಿಂದ ಒಯ್ದ ಕರೆಂಟಿನ ಕೆಟಲಿನಲ್ಲಿ ನೀರು ಕೊತಕೊತ ಕುದಿಸಿ, ಆರಿಸಿ, ಮುಚ್ಚಿಟ್ಟು ಕೊಟ್ಟೆ. ಹಲ್ಲುಜ್ಜಲೂ ಅದೇ. ಐಸ್ ಹಾಕಿದ ಶರಬತ್ತು ಬಂದ್.

"ಸತ್ತ ನೀರು ಕುಡಸಾಕತ್ತಾಳ ನಮ್ಮ ಸೊಸಿ," ಎಂದು ಅತ್ತೆ ಬಸ್ಸಿಗೆಲ್ಲ ಸಾರಿದರು. ಗಂಗಾವತಿಯ ಹೆಂಗಸೊಬ್ಬಳು ನಕ್ಕಳು: "ನಾವು ಕಾಲವಿ ನೀರ ಕುಡಿದು ಬೆಳದವ್ರು, ನಮಗೇನಾಕ್ಕೈತಿ ತಗೋರಿ!" ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುವಂತೆ ಎಲ್ಲರೂ ನನ್ನತ್ತ ನೋಡಿದರು. ಮೈ ಉರಿಯಿತು. ಆದರೂ ಕೆಟಲ್ ಬಿಡಲಿಲ್ಲ.

ದರ್ಶನದ ದಿನ ಅರ್ಧ ಬಸ್ಸು ಹೊಟ್ಟೆ ಹಿಡಿದುಕೊಂಡು ಮಲಗಿತ್ತು. ಗಂಗಾವತಿಯಾಕೆ ಎಲ್ಲರಿಗಿಂತ ಹೆಚ್ಚು ನರಳುತ್ತಿದ್ದಳು. ಪಾಪ ಅನ್ನಿಸಿತು, ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ? ನಾನು ಕುದಿಸಿದ ನೀರಿನಲ್ಲೇ ಓಆರ್‌ಎಸ್ ಪುಡಿ ಕಲಸಿ ಆಕೆಗೆ ಕುಡಿಸಿ, ಅತ್ತೆಯನ್ನು ಕರೆದುಕೊಂಡು ಹೊರಟೆ. ಅವರು ನನಗಿಂತ ಮುಂದೆ ಬಿರಬಿರನೆ ನಡೆದರು. ಕಣ್ತುಂಬ ದರ್ಶನವಾಯಿತು. ಕೈ ಮುಗಿದು ನಿಂತ ಅವರ ಕೆನ್ನೆಯ ಮೇಲೆ ನೀರಿಳಿಯುವುದನ್ನು ಕಂಡು ನನಗೂ ಅಳು ಬಂತು.

ಹೊರಬರುವಾಗ ಒಬ್ಬರು ಅತ್ತೆಯ ಅಂಗೈಗೆ ತೀರ್ಥ ಹಾಕಿದರು. ಅದೇನು ಕುದಿಸಿದ ನೀರಲ್ಲ. ದೇವರ ತೀರ್ಥವನ್ನು ಹೇಗೆ ಬೇಡವೆನ್ನಲಿ?

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. ತಲೆಯ ಮೇಲೆ ಚಿಮುಕಿಸಿಕೊಂಡು, ಉಳಿದದ್ದನ್ನು ನನ್ನ ನೆತ್ತಿಗೆ ಸವರಿದರು.

"ತಲಿ ದೇವರಿಗೆ ಕೊಟ್ಟೀನಿ," ಎಂದರು. "ಹೊಟ್ಟಿ ನಿನಗ ಕೊಟ್ಟೀನಿ."

ಎಲ್ಲಿದ್ದೇನೆಂಬುದನ್ನೂ ಮರೆತು ಜೋರಾಗಿ ನಕ್ಕುಬಿಟ್ಟೆ.