ಹಗೇವಿನ ಮೇಲೆ ಕೂತು ಮಾತಾಡಿದವಳು

ಅಂಬಮ್ಮನಷ್ಟು ಮಾತಾಡುವ ಹೆಂಗಸನ್ನು ನಾನು ಕಮಲಾಪುರದಲ್ಲಿರಲಿ, ಕಲಬುರಗಿಯಲ್ಲೂ ನೋಡಿಲ್ಲ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಕಾಲೇಜು ಹುಡುಗರ ನಡುವೆ ಬೆಳೆದವಳು ನಾನು. ಗದ್ದಲ ನನಗೆ ಹೊಸದಲ್ಲ. ಆದರೂ ಮದುವೆಯಾಗಿ ಕಮಲಾಪುರಕ್ಕೆ ಬಂದ ವರ್ಷ, ಇವಳು ನಮ್ಮ ಅಂಗಳಕ್ಕೆ ಕಾಲಿಟ್ಟರೆ ಸಾಕು, ನನ್ನ ತಲೆ ಹಿಡಿಯುತ್ತಿತ್ತು. ಎಮ್ಮೆ ಒದ್ದದ್ದು, ಬಸ್ಸು ಕೆಟ್ಟು ನಿಂತದ್ದು, ಸಂತೆಯಲ್ಲಿ ಕೆಂಪು ಬಾಳೆಹಣ್ಣಿಗೆ ಜಗಳವಾದದ್ದು. ಒಂದು ಮುಗಿಯುವ ಮೊದಲೇ ಇನ್ನೊಂದು. ಗಂಡ ಮರೆಪ್ಪನ ಬಾಯಿಂದ ಮಾತ್ರ ಬರುತ್ತಿದ್ದುದು ಒಂದೇ ಮಾತು, "ಹ್ಞೂಂ."

ಹಗೇವು ತೆಗೆಯುವುದು ಇಬ್ಬರ ಕಸುಬು. ನಮ್ಮ ಕಡೆ ಆಗ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಒಳಗೆ ಒಂದು ಕೋಣೆಯಷ್ಟು ಜಾಗ. ಜೋಳ ಬೇಕಾದಾಗ ಮರೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಬುಟ್ಟಿ ತುಂಬುವನು. ಅಂಬಮ್ಮ ಮೇಲೆ ಕೂತು ಹಗ್ಗ ಹಿಡಿಯುವಳು, ಹಗೇವಿನೊಳಗೆ ಮುಖವಿಟ್ಟು ಊರ ಸುದ್ದಿಯನ್ನೆಲ್ಲ ಸುರಿಯುವಳು. ಒಳಗಿನಿಂದ ಹ್ಞೂಂ, ಹ್ಞೂಂ.

"ಒಂದು ಗಳಿಗಿ ಸುಮ್ಮ ಇರಬಾರದೇನು ಇಕಿ?" ಎಂದು ಅತ್ತೆ ತುಂಗಾಬಾಯಿಯ ಮುಂದೆ ಸಿಡುಕಿದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಅಕಿ ಸುಮ್ಮನಾದ್ರ ಅವ ಜೀವಂತ ಇದ್ದಾನೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು? ಒಳಗಿನ ಗಾಳಿ ಕೆಟ್ಟಿರತದ. ಮೊದಲ ಕಂದೀಲ ಇಳಸ್ತಾರ. ಅದು ಆರಿದ್ರ ಯಾರೂ ಇಳಿಯೂದಿಲ್ಲ. ಇಳದ ಮ್ಯಾಲ ಅಕಿ ಮಾತಾಡ್ತಾಳ, ಅವ ಹ್ಞೂಂ ಅಂತಾನ. ಹ್ಞೂಂ ನಿಂತ್ರ ಎಳೀಬೇಕು."

ಮುಚ್ಚಿಟ್ಟ ಗಾಳಿ ಕೆಡುವುದು ಯಾಕೆ? ಅಂಬಮ್ಮನನ್ನೇ ಕೇಳಿದೆ.

"ಜ್ವಾಳ ಉಸರಾಡ್ತಾವ್ರೀ ಬಾಯಾರ. ಇದ್ದ ಗಾಳಿ ಎಲ್ಲಾ ತಾವೇ ಕುಡದು ಮುಗಸ್ತಾವ. ಆಮ್ಯಾಲ ಇಳದಾವಗ ಏನ್ ಉಳೀತದ?"

ಒಳಗೆ ಹೋಗಿ ಜೋಳದ ಚೀಲಕ್ಕೆ ಕೈ ಹಾಕಿದೆ. ಒಣಗಿದ, ಗಟ್ಟಿಯಾದ ಕಾಳು. ಇದು ಕತ್ತಲಲ್ಲಿ ಕೂತು ನನ್ನ ಹಾಗೆಯೇ ಉಸಿರಾಡುತ್ತದೆಯೇ? ದಿನಾ ರೊಟ್ಟಿ ತಟ್ಟುವ ನನಗೆ ಆ ಹೊತ್ತು ಮೈ ಜುಮ್ಮೆಂದಿತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಮಾರನೆಯ ವರ್ಷ, ೧೯೮೭ರ ಬೇಸಿಗೆಯಲ್ಲಿ, ಮರೆಪ್ಪ ಕಲಬುರಗಿಯ ಜಗತ್ ಬಡಾವಣೆಯ ಬುರ್ಹಾನುದ್ದೀನನ ಅಂಗಡಿಯಿಂದ ಹೊಸ ಬ್ಯಾಟರಿ ದೀಪ ತಂದ. ನಮ್ಮ ಹಗೇವು ತೆಗೆಯುವ ದಿನ ಅದನ್ನು ಒತ್ತಿ ಒತ್ತಿ ಎಲ್ಲರಿಗೂ ತೋರಿಸಿದ. "ಎಂಥಾ ಗಾಳ್ಯಾಗೂ ಆರೂದಿಲ್ಲಂತ್ರೀ" ಎಂದ. ಅವನ ಬಾಯಲ್ಲಿ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

"ಆರಬೇಕಲ್ಲ ಅದು" ಎಂದಳು ಅಂಬಮ್ಮ. "ಆರದ ದೀಪ ತಗೊಂಡು ನಾ ಏನ್ ಮಾಡ್ಲಿ? ಮನಿಗಿ ಹೋಗಿ ಕಂದೀಲ ತರ್ತೀನಿ, ತಡೀರಿ."

ಚೀಲ ಹೊರಲು ಬಂದಿದ್ದ ನಬಿಸಾಬ್ ನಕ್ಕುಬಿಟ್ಟ. ಮರೆಪ್ಪನ ಮುಖ ಕೆಂಪಾಯಿತು. "ಮುಂಜಾನಿಂದ ಹಗೇವಿನ ಬಾಯಿ ತೆರದದ. ಗಾಳಿ ಆಡ್ಯದ. ಮೊದಲ ನಿನ್ನ ಬಾಯಿ ಮುಚ್ಚು."

"ಮುಚ್ಚೀನಿ" ಎಂದಳು ಅಂಬಮ್ಮ. ಮುಚ್ಚಿಯೇಬಿಟ್ಟಳು. ಗಾಳಿ ಆಡಿದೆ ಎಂದನಲ್ಲ ಆ ಪುಣ್ಯಾತ್ಮ, ಅವತ್ತು ನಮ್ಮ ಬೇವಿನ ಗಿಡದ ಒಂದು ಎಲೆಯೂ ಅಲುಗಿರಲಿಲ್ಲ.

ಅವನು ಇಳಿದ. ಇವಳು ಹಗ್ಗ ಹಿಡಿದು, ಮುಖ ಗಂಟಿಕ್ಕಿಕೊಂಡು ಕೂತಳು. ಆ ಅಂಗಳ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲೇ ಇಲ್ಲ. ಅವಳ ತುಟಿ ಮಾತ್ರ ಅದುರುತ್ತಿತ್ತು. ಹಟ ಒಂದು ಕಡೆ, ರೂಢಿ ಒಂದು ಕಡೆ. ಕೊನೆಗೆ ತಡೆಯಲಾರದೆ ಬಗ್ಗಿದಳು.

"ಕೇಳ್ತದೇನ್ರೀ?"

ಹ್ಞೂಂ ಬರಲಿಲ್ಲ.

ನಾನೂ ಬಗ್ಗಿ ನೋಡಿದೆ. ಒಳಗೆ ಬ್ಯಾಟರಿ ಝಗಝಗ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮರೆಪ್ಪ ಜೋಳದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ನಬಿಸಾಬ್ ಇಳಿಯಲು ಕಾಲು ಬಿಟ್ಟೇಬಿಟ್ಟಿದ್ದ. ಅಂಬಮ್ಮ ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. "ಇಳದ್ರ ನೀನೂ ಹೋಗ್ತಿ. ಹಗ್ಗ ಹಿಡಿ."

ಮೂವರೂ ಎಳೆದೆವು. ಮನೆಯ ಸೊಸೆ, ಹೊರಗಿನವರ ಮುಂದೆ ಸೆರಗು ಜಾರಬಾರದವಳು, ನಾನೂ ಕಾಲು ಕೊಟ್ಟು ಎಳೆದೆ. ಮೇಲೆ ಬಂದ ಮರೆಪ್ಪನನ್ನು ಅಂಗಳದಲ್ಲಿ ಮಲಗಿಸಿದೆವು. ಎದೆ ಆಡುತ್ತಿರಲಿಲ್ಲ. ಅಂಬಮ್ಮ ಮೊರ ತೆಗೆದುಕೊಂಡು ಬೀಸತೊಡಗಿದಳು, ಬಾಯಿ ಬಿಡದೆ, ಕಣ್ಣು ಮಿಟುಕಿಸದೆ. ನಾವು ಅವನಿಗೆ ಕುಡಿಸಿದ್ದು ಏನೂ ಇಲ್ಲ, ಹಚ್ಚಿದ್ದು ಏನೂ ಇಲ್ಲ. ಹಗೇವಿನಿಂದ ತಂದು ಗಾಳಿಯಲ್ಲಿ ಇಟ್ಟೆವು, ಅಷ್ಟೇ. ಆ ಎದೆ ಒಮ್ಮೆ ಏರಿತು. ಮತ್ತೊಮ್ಮೆ ಏರಿತು. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಬಡವ ಬಲ್ಲಿದ ಎನ್ನದೆ ಎಲ್ಲರ ಅಂಗಳದಲ್ಲೂ ಬಿದ್ದಿರುವಂಥದ್ದು ನನ್ನ ಕಣ್ಣೆದುರೇ ಒಬ್ಬ ಮನುಷ್ಯನೊಳಗೆ ಹೊಕ್ಕು ಅವನನ್ನು ಎಬ್ಬಿಸುತ್ತಿತ್ತು. ಅಂಥದನ್ನು ಮುಂದೆ ಯಾವ ಗುಡಿಯಲ್ಲೂ ನಾನು ನೋಡಲಿಲ್ಲ.

ಮರೆಪ್ಪ ಎದ್ದು ಕೂತು ನೀರು ಕುಡಿದ. ಅಂಬಮ್ಮ ಬೈಯಲಿಲ್ಲ, ಅಳಲಿಲ್ಲ. ಮನೆಗೆ ಹೋಗಿ ಕಂದೀಲು ತಂದು, ಹಚ್ಚಿ, ಅವನೆದುರೇ ಹಗೇವಿಗೆ ಇಳಿಸಿದಳು. ಜ್ವಾಲೆ ಕುಗ್ಗಿತು, ನೀಲಿಯಾಯಿತು, ಆರಿತು. ಯಾರೂ ಊದಿರಲಿಲ್ಲ. ಅದರ ಕೆಳಗೆ ಬ್ಯಾಟರಿ ಇನ್ನೂ ಝಗಝಗ ಉರಿಯುತ್ತಲೇ ಇತ್ತು. ಮರೆಪ್ಪ ಅದನ್ನೇ ನೋಡುತ್ತ ಕೂತ.

ಆ ಸಂಜೆ ಗಾಳಿ ಎದ್ದಿತು. ಮಾರನೆಯ ಬೆಳಿಗ್ಗೆ ಹಗೇವಿನೊಳಗೆ ಹೊದೆಯುವ ಕೌದಿ ಇಳಿಬಿಟ್ಟು, ಮೇಲಕ್ಕೂ ಕೆಳಕ್ಕೂ ಜಗ್ಗಿ, ನಾವೆಲ್ಲ ಒಳಗಿನ ಗಾಳಿಯನ್ನು ಕಲಕಿದೆವು. ಕಂದೀಲು ಇಳಿಸಿದರೆ ಈ ಸಲ ತಳದವರೆಗೂ ಉರಿಯಿತು. ಮರೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ, ಹಗೇವಿನ ಬಾಯಿಗೆ ಕಾಲು ಬಿಟ್ಟು ಕೂತ. ಇಳಿಯಲಿಲ್ಲ.

ಹಿಂದಿನ ದಿನದಿಂದ ಅಂಬಮ್ಮ ಅವನೊಡನೆ ಒಂದು ಮಾತೂ ಆಡಿರಲಿಲ್ಲ.

"ಮಾತಾಡು" ಎಂದ ಮರೆಪ್ಪ.

"ಏನ್ ಮಾತಾಡ್ಲಿ?"

"ಏನಾರ ಮಾತಾಡು. ನಿಲ್ಲಸಬ್ಯಾಡ."

ಅಂಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಮ್ಮೆ ಒದ್ದದ್ದರಿಂದಲೇ ಶುರು ಮಾಡಿದಳು. ಮರೆಪ್ಪ ಇಳಿದ. ನಾನು ಮಾಡುತ್ತಿದ್ದ ಕೆಲಸ ಬಿಟ್ಟು, ಉಸಿರು ಬಿಗಿಹಿಡಿದು ಕಟ್ಟೆಯ ಮೇಲೆ ನಿಂತೆ. ಬಸ್ಸಿನ ಸುದ್ದಿ ಬಂತು, ಸಂತೆಯ ಜಗಳ ಬಂತು, ಮತ್ತೆ ಎಮ್ಮೆಯೇ ಬಂತು. ಕೆಳಗಿನಿಂದ ಒಂದೊಂದಕ್ಕೂ ಉತ್ತರ ಬರುತ್ತಿತ್ತು.

"ಹ್ಞೂಂ."